ಹೊನ್ನೂರಿಯ ಅಕ್ಕ

ಮೊದಲಿಗೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಂಬುವ ಹೆಂಗಸು ನಾನಲ್ಲ. ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹಾಸ್ಟೆಲ್ಲಿನ ಹುಡುಗಿಯರು ಬಂದು "ಟೀಚರ್, ಬಚ್ಚಲ ಮನ್ಯಾಗ ಗಾಳಿ ಅದ ರೀ" ಎಂದರೆ, ಅವರನ್ನೇ ಕರೆದುಕೊಂಡು ಹೋಗಿ ತುಕ್ಕು ಹಿಡಿದ ಕಿಟಕಿಯ ಕೊಂಡಿ ತೋರಿಸಿ, ಇದೇ ನೋಡ್ರಿ ನಿಮ್ಮ ಗಾಳಿ ಎಂದು ಬೈದು ಕಳಿಸಿದವಳು. ನನ್ನ ನಾದಿನಿಯ ಮೈಮೇಲೆ ಒಮ್ಮೆ ದೇವರು ಬಂದಾಗ ಮನೆಯವರೆಲ್ಲ ಕೈಮುಗಿದು ನಿಂತಿದ್ದರು. ನಾನು ಗ್ಲೂಕೋಸ್ ನೀರು ಕಲಸಿ ತಂದಿದ್ದೆ. ದೇವರು ಗಟಗಟ ಕುಡಿದು ಇಳಿದು ಹೋಯಿತು. ನಾದಿನಿ ಇವತ್ತಿಗೂ ನನ್ನ ಜೊತೆ ನೆಟ್ಟಗೆ ಮಾತಾಡುವುದಿಲ್ಲ.

ಅಂಥ ನನಗೆ, ಕೆಲವು ವರ್ಷಗಳ ಹಿಂದೆ, ಕುರ್ಡಿ ಎಂಬ ಹಳ್ಳಿಯಲ್ಲಿ ಹಾಡಹಗಲು ಆದದ್ದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ಒತ್ತಾಯ ಮಾಡುವುದಿಲ್ಲ. ನನ್ನ ವಿದ್ಯಾರ್ಥಿ ಯಾರಾದರೂ ಇದನ್ನು ಬರೆದು ತಂದಿದ್ದರೆ ನಾನೇ ನಂಬುತ್ತಿರಲಿಲ್ಲ.

ನಮ್ಮಪ್ಪನಿಂದ ಶುರು ಮಾಡಬೇಕು. ಅಪ್ಪ ಹುಟ್ಟಿದ್ದು ದೇವದುರ್ಗದ ಕಡೆಯ ಒಂದು ಸಣ್ಣ ಹಳ್ಳಿಯ ಮನೆತನದಲ್ಲಿ. ಅವನಿನ್ನೂ ಅಂಬೆಗಾಲಿಡುವ ಮೊದಲೇ ಊರಿಗೆ ವಾಂತಿಭೇದಿಯ ಬೇನೆ ಬಂದು, ಅವನ ಅಪ್ಪ ಅವ್ವ ಇಬ್ಬರೂ ಒಂದೇ ವಾರದಲ್ಲಿ ಹೋದರು. ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಕೂಲಿ ಮಾಡುತ್ತಿದ್ದ ಅವನ ದೊಡ್ಡಪ್ಪ ಸುದ್ದಿ ಕೇಳಿ ಊರಿಗೆ ಓಡಿ, ಕೂಸನ್ನು ಹೆಗಲ ಮೇಲಿನ ಟವೆಲ್ಲಿನಲ್ಲಿ ಸುತ್ತಿಕೊಂಡು ತಂದ. ಆ ದೊಡ್ಡಪ್ಪ ಮದುವೆಯೇ ಆಗಲಿಲ್ಲ. ಗಿರಣಿಯ ಹಿಂದಿನ ಒಂದು ಕೋಣೆಯಲ್ಲಿ, ಗಂಜಿ ಕುಡಿಸಿ, ಕೈಯಾರೆ ಸಾಕಿದ. ಅಪ್ಪನೂ ಮುಂದೆ ಅದೇ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ನನ್ನನ್ನು ಓದಿಸಿದ್ದು ಆ ಬೆಂಕಿಯ ಮುಂದೆ ನಿಂತ ದುಡಿಮೆ.

ನಮ್ಮಲ್ಲಿ ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ಹೊಸ ಧೋತರ, ಹೊಸ ಸೀರೆ ಮಡಿಚಿಟ್ಟು, ಎದುರಿಗೆ ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ ಬಡಿಸಿ, ಲೋಬಾನದ ಹೊಗೆ ಹಾಕಿ, ಬಾಗಿಲು ತೆರೆದಿಟ್ಟು, ಸತ್ತವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಅಪ್ಪ ದೊಡ್ಡಪ್ಪನನ್ನು ಹೆಸರಿಟ್ಟು ಕರೆಯುತ್ತಿದ್ದ, ತನ್ನ ಅಪ್ಪನನ್ನು ಹೆಸರಿಟ್ಟು ಕರೆಯುತ್ತಿದ್ದ. ಮೂರನೆಯ ಎಡೆಯ ಮುಂದೆ ಅವನ ದನಿ ಇಳಿದುಹೋಗುತ್ತಿತ್ತು. "ನಮ್ಮವ್ವಾ, ನೀನೂ ಬಾ" ಎಂದಷ್ಟೇ ಅಂದು ತಲೆ ತಗ್ಗಿಸುತ್ತಿದ್ದ. ಅವಳ ಹೆಸರು ಅವನಿಗೆ ಗೊತ್ತಿರಲಿಲ್ಲ. ಪ್ರತಿ ವರ್ಷ ಅವಳಿಗೆಂದು ಕೆಂಪು ಅಂಚಿನ ಒಂದು ಹಸಿರು ಸೀರೆ ತರುತ್ತಿದ್ದ. ಹಬ್ಬದ ಮರುದಿನ ಅದು ನಮ್ಮವ್ವನ ಪಾಲಿಗೆ, ಅವ್ವ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬರುತ್ತಿತ್ತು.

ಹೆತ್ತವ್ವನ ಹೆಸರು ಗೊತ್ತಿಲ್ಲದೆ ಇರುತ್ತದೆಯೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಕಾರಣ ಬಲು ಸಾದಾ. ತಮ್ಮನ ಹೆಂಡತಿಯ ಮುಖವನ್ನು ಅಣ್ಣನಾದವನು ನೆಟ್ಟಗೆ ನೋಡುವಂತಿಲ್ಲ, ಅವಳ ಹೆಸರನ್ನಂತೂ ಬಾಯಲ್ಲಿ ಆಡುವಂತಿಲ್ಲ. ಅಪ್ಪ ಹುಡುಗನಾಗಿದ್ದಾಗ ಒಮ್ಮೆ ಕೇಳಿದ್ದಕ್ಕೆ ದೊಡ್ಡಪ್ಪ ಕೈ ಎತ್ತಿದ್ದನಂತೆ. "ತಮ್ಮನ ಹೇಂತಿ ಹೆಸರು ಬಾಯಾಗ ತರ್ತಾರೇನಲೇ? ಛೀ, ಹೋಗಾ ಕಡೆ!" ಪ್ರಾಣ ಕೊಟ್ಟು ಕೂಸನ್ನು ಸಾಕಿದ ಆ ಮನುಷ್ಯ ಮರ್ಯಾದೆಗೆ ಅಂಜಿ ಒಂದೇ ಒಂದು ಹೆಸರನ್ನು ತನ್ನ ಜೊತೆಗೇ ಮಣ್ಣಿಗೆ ತೆಗೆದುಕೊಂಡು ಹೋದ. ಅವನ ಮೇಲೆ ನನಗೆ ಎಷ್ಟು ಗೌರವವಿದೆಯೋ ಅಷ್ಟೇ ಸಿಟ್ಟೂ ಇದೆ.

ಆ ವರ್ಷ ಅಪ್ಪನ ಎರಡೂ ಕಿಡ್ನಿ ಸೋತಿದ್ದವು. ಡಯಾಲಿಸಿಸ್ ಮಾಡಿಸಿಕೊಂಡು ಬಂದ ದಿನ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದ. ನಾನೊಬ್ಬಳೇ ಮಗಳು, ಅಪ್ಪ ನಮ್ಮ ಮನೆಯಲ್ಲೇ ಇದ್ದ. ಒಂದು ದಿನ ನಾನು ಕಾಲು ಒತ್ತುತ್ತ ಕೂತಿದ್ದಾಗ, ಇದ್ದಕ್ಕಿದ್ದಂತೆ ಅಂದ:

"ಈ ಸಲ ಎಡಿ ಇಡಾಕ ನಾ ಕುಂದರ್ತೀನವಾ. ಮುಂದಿನ ಸಲ ನೀ ನನಗ ಇಡ್ತಿ. ನೀ ಹೆಸರು ಹಿಡದು ಕರೀತಿ, ನಾ ಬರ್ತೀನಿ. ಆಕಿ ಹೆಂಗ ಬರ್ತಾಳ ಹೇಳು? ಅವ್ವಾ ಅಂದ್ರ ಊರ ತುಂಬ ಅವ್ವಂದೇರು. ನಮ್ಮ ಬಾಗಲದಾಗ ನಿಂತು, ಇದು ನನಗಲ್ಲ ಅಂತ ಎಷ್ಟು ಸಲ ಹೊಳ್ಳಿ ಹೋಗ್ಯಾಳೋ ಏನೋ."

ನಾನು ಸತ್ತವರು ಉಣ್ಣಲು ಬರುತ್ತಾರೆ ಎಂದು ನಂಬುವವಳಲ್ಲ. ಆದರೆ ನಮ್ಮಪ್ಪ ನಂಬಿದ್ದ. ಹೆಸರು ಹಿಡಿಯದೆ ಕರೆದ ಕಾರಣಕ್ಕೆ ತನ್ನ ಅವ್ವ ಅಷ್ಟು ವರ್ಷ ಹಸಿದುಕೊಂಡು ಹೊರಗೇ ನಿಂತಿದ್ದಾಳೆ ಎಂದು ನಂಬಿದ್ದ. ಅಮಾವಾಸ್ಯೆ ಬರುವುದರೊಳಗೆ ಆ ಹೆಸರು ಹುಡುಕಿ ತಂದೇ ತರುತ್ತೇನೆ ಎಂದು ಹಠ ಹಿಡಿದೆ.

ಹಠ ಹಿಡಿದದ್ದೇನೋ ಸರಿ. ಹುಡುಕುವುದು ಎಲ್ಲಿ? ರಜೆ ಹಾಕಿ ಕಚೇರಿಗಳಿಗೆ ಅಲೆದೆ. ಆ ಕಾಲದ ಜನನ ಮರಣದ ದಾಖಲೆ ಆ ಹಳ್ಳಿಗಳದ್ದು ಇರಲೇ ಇಲ್ಲ. ಯಾರೂ ಬರೆಸಿರಲಿಲ್ಲ, ಬರೆಯುವವರೂ ಇರಲಿಲ್ಲ. ಹೊಲದ ಹಳೆಯ ಕಾಗದ ಉರ್ದುವಿನಲ್ಲಿತ್ತು. ಮಾನ್ವಿಯ ಒಬ್ಬ ನಿವೃತ್ತ ಉರ್ದು ಮೇಷ್ಟ್ರು ಕನ್ನಡಕ ಏರಿಸಿ ಇಳಿಸಿ ಓದಿ, ಅಜ್ಜನ ಹೆಸರು, ಅವನಪ್ಪನ ಹೆಸರು, ಹೊಲದ ನಾಲ್ಕು ದಿಕ್ಕಿನವರ ಹೆಸರು ಹೇಳಿದರು. "ಔರತ್ ಕಾ ನಾಮ್ ನಹೀಂ ಹೈ ಅಮ್ಮಾ" ಎಂದು, ಹೆಂಗಸಿನ ಹೆಸರು ಮಾತ್ರ ಇಲ್ಲದ ಆ ಕಾಗದವನ್ನು ಮೆಲ್ಲಗೆ ಮಡಿಚಿ ಕೊಟ್ಟರು. ಮನೆತನದ ಹೆಸರು ಹಾಡುವ ಹೆಳವರು ನಮ್ಮ ಕಡೆ ಈಗಲೂ ಸುಗ್ಗಿಯಲ್ಲಿ ಬರುತ್ತಾರೆ. ನಮ್ಮ ಮನೆತನದ ಹೆಳವನನ್ನು ಪತ್ತೆ ಹಚ್ಚಿ ಕೇಳಿದೆ. ಅವನು ಕಣ್ಣು ಮುಚ್ಚಿಕೊಂಡು ನನ್ನಪ್ಪನ ಅಪ್ಪನಿಂದ ಹಿಂದಕ್ಕೆ ಹಿಂದಕ್ಕೆ ಹೋದ. ಎಲ್ಲ ಗಂಡಸರೇ. ಒಬ್ಬರಿಗಾದರೂ ಹೆಂಡತಿ ಇದ್ದಂತೆ ಕಾಣಲಿಲ್ಲ. "ಇವರನ್ನೆಲ್ಲ ಹೆತ್ತೋರು ಯಾರಪಾ?" ಎಂದು ರೇಗಿದರೆ ನಕ್ಕುಬಿಟ್ಟ.

ಕೊನೆಗೆ ಅಪ್ಪನ ಹುಟ್ಟೂರಿಗೇ ಹೋದೆ. ಅಲ್ಲಿ ಆ ಬೇನೆಯ ಕಾಲದಲ್ಲಿ ಹುಡುಗನಾಗಿದ್ದ ಒಬ್ಬ ಮುದುಕ ಸಿಕ್ಕ. ಕಿವಿ ಮಂದ, ನೆನಪು ಗಟ್ಟಿ. ನಾನು ಯಾರ ಮೊಮ್ಮಗಳೆಂದು ಹೇಳುತ್ತಲೇ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟ.

"ಆಕೀ ಏನವಾ? ಕುರ್ಡ್ಯಾಕಿ ಅಲ್ಲನು? ತೆಳ್ಳನ ಹೆಣಮಗಳು. ನನ್ನ ಕರದು ಹುರದ ಶೇಂಗಾ ಕೊಡತಿದ್ಲು."

"ಹೆಸರೇನ್ರಿ ಅಜ್ಜಾ?"

"ಹೆಸರ್ಯಾರು ಕರೀತಿದ್ರವಾ? ಎಲ್ಲಾರೂ ಕುರ್ಡ್ಯಾಕೀ ಅಂತಿದ್ರು."

ಇದೂ ನಮ್ಮ ಕಡೆಯ ರೂಢಿಯೇ. ಕಲ್ಲೂರಿನಿಂದ ಬಂದ ಸೊಸೆ ಕಲ್ಲೂರಾಕಿ, ಕವಿತಾಳದವಳು ಕವಿತಾಳದಾಕಿ. ಗಂಡನ ಮನೆಯಲ್ಲಿ ಹೆಣ್ಣಿನ ಹೆಸರು ಹೋಗಿ ಅವಳ ತವರೂರು ಉಳಿಯುತ್ತದೆ. ಮನೆಗೆ ಬಂದು ಹೇಳಿದಾಗ ಅಪ್ಪ ಎದ್ದು ಕೂತ. "ಕುರ್ಡಿ! ಇಷ್ಟು ವರ್ಷ ಆ ಊರ ಮುಂದ ಹಾದು ಮಾನ್ವಿಗೆ ಹೋಗೀನಲ್ಲವಾ!" ಎಂದು ಮಕ್ಕಳ ಹಾಗೆ ಕೈ ಹಿಸುಕಿಕೊಂಡ. ಚೊಚ್ಚಲ ಹೆರಿಗೆ ತವರಲ್ಲೇ ಆಗಿರಬೇಕು, ಹಾಗಾದರೆ ತಾನು ಹುಟ್ಟಿದ್ದು ಕುರ್ಡಿಯಲ್ಲೇ ಎಂದು ಲೆಕ್ಕ ಹಾಕಿದ. ಅಂದು ರಾತ್ರಿ ಒಂದು ಚಪಾತಿ ಹೆಚ್ಚು ತಿಂದ.

ಅಮಾವಾಸ್ಯೆಗೆ ಇನ್ನೂ ಕೆಲವು ದಿನ ಇರುವಾಗ, ಒಂದು ಭಾನುವಾರ, ಕುರ್ಡಿಗೆ ಹೊರಟೆ. ಉಟ್ಟುಕೊಂಡದ್ದು ಹಿಂದಿನ ವರ್ಷದ ಎಡೆಯ ಹಸಿರು ಸೀರೆ. ಬೇಕೆಂದು ಉಟ್ಟದ್ದಲ್ಲ, ಮುಂಜಾನೆ ಬೀರುವಿನಲ್ಲಿ ಕೈಗೆ ಸಿಕ್ಕದ್ದು ಅದು. ಹೇಳದೆ ಬಿಟ್ಟರೆ ಮುಚ್ಚಿಟ್ಟಂತಾಗುತ್ತದೆ ಎಂದು ಹೇಳುತ್ತಿದ್ದೇನೆ.

ಕುರ್ಡಿಯ ಜನ ಒಳ್ಳೆಯವರು. ಬಿಸಿಲಲ್ಲಿ ಬಂದವಳನ್ನು ಕೂರಿಸಿ ಚಹಾ ಕೊಟ್ಟರು. ಆದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ಅಜ್ಜಿ ಹೆಸರೇನ್ರೀ?" ನಾನು, ಹೆಸರು ಹುಡುಕಲಿಕ್ಕೇ ಬಂದಿದ್ದೇನೆ ಎಂದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅಂಗಡಿಯ ಕಟ್ಟೆಯ ಮೇಲಿದ್ದ ಒಬ್ಬರು ನಗು ತಡೆಯಲಾರದೆ, "ಮೇಡಂ, ಮನಿ ನಂಬರ್ ಇಲ್ಲ, ಹೆಸರಿಲ್ಲ, ಮನಷ್ಯಾರೂ ಇಲ್ಲ. ಹೆಂಗ ಹುಡುಕಬೇಕ್ರಿ ನಾವು?" ಎಂದರು. ಕೇಳಿದ್ದು ಸರಿಯಾಗಿಯೇ ಇತ್ತು. ದೇವದುರ್ಗದ ಕಡೆ ಹೆಣ್ಣು ಕೊಟ್ಟ ಮನೆಗಳು ಆ ಊರಲ್ಲಿ ಒಂದೇ ಎರಡೇ? ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಂಟಲು ಒಣಗಿ, ಕೈಚೆಲ್ಲಿ, ಬಸ್ಸು ಹಿಡಿಯಲು ಹೊರಟೆ. ಅಪ್ಪನ ಮುಖ ಕಣ್ಣ ಮುಂದೆ ಬಂದು ಅಳು ಒತ್ತಿ ಬರುತ್ತಿತ್ತು.

ಇನ್ನು ಮುಂದಿನದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನನಗೆ ತಲೆ ತಿರುಗಲಿಲ್ಲ, ಕಣ್ಣಿಗೆ ಕತ್ತಲೆ ಬರಲಿಲ್ಲ. ಮೈಯಲ್ಲಿ ನಡುಕ, ಬೆವರು, ಅಂಥದ್ದೇನೂ ಇಲ್ಲ. ಬಸ್ಸು ನಿಲ್ಲುವ ಜಾಗಕ್ಕೆ ಎಡಕ್ಕೆ ತಿರುಗಬೇಕಿತ್ತು. ನಾನು ಬಲಕ್ಕೆ ತಿರುಗಿದೆ. ತಪ್ಪು ದಾರಿ ಎಂಬುದು ನನಗೆ ಗೊತ್ತೇ ಇತ್ತು. ಕೊನೆಯ ಬಸ್ಸು ಎಷ್ಟೊತ್ತಿಗೆ, ಅಪ್ಪನಿಗೆ ಮಾತ್ರೆ ಯಾರು ಕೊಟ್ಟರೋ ಎಂದು ತಲೆಯೊಳಗೆ ಓಡುತ್ತಲೇ ಇತ್ತು. ಕಾಲು ಮಾತ್ರ ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು, ದಿನವೂ ಶಾಲೆಯಿಂದ ಮನೆಗೆ ಬರುವ ಹಾಗೆ. ಒಂದು ಇಕ್ಕಟ್ಟಾದ ಓಣಿ, ಒಂದು ಹಳೆಯ ಬೇವಿನ ಮರ, ಮರ ದಾಟಿದರೆ ಹಾಸುಗಲ್ಲಿನ ಮೆಟ್ಟಿಲ ಒಂದು ಮನೆ. ಗೋಡೆಗೆ ನೀಲಿ ಸುಣ್ಣ, ಬಾಗಿಲು ಅರ್ಧ ಮುಂದೆ ಮಾಡಿತ್ತು.

ಆ ಮೆಟ್ಟಿಲ ಮೇಲೆ ನಾನು ನಿಂತೆ. ಬಲಗೈ ಬಾಗಿಲ ಚೌಕಟ್ಟು ಹಿಡಿದಿತ್ತು. ಎಡಗಡೆ ಸೊಂಟ ಹೊರಕ್ಕೆ ಬಾಗಿ, ಎಡಗೈ ಇಲ್ಲದ ಕೊಡದ ಕುತ್ತಿಗೆಯನ್ನು ತಬ್ಬಿದಂತೆ ಬಳಸಿಕೊಂಡಿತ್ತು. ನಾನು ರಾಯಚೂರಿನ ನಲ್ಲಿ ನೀರು ಕುಡಿದು ಬೆಳೆದವಳು, ಸೊಂಟದ ಮೇಲೆ ಕೊಡ ಇಟ್ಟವಳೇ ಅಲ್ಲ. ಹಾಗೆ ನಿಂತು, ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ:

"ಏ ಹೊನ್ನೂರೀ! ನೀರಿಗಿ ಬಾ ಬೇ, ಹೊತ್ತಾತು!"

ದನಿ ನನ್ನದೇ. ಸಿನಿಮಾದಲ್ಲಿ ತೋರಿಸುವ ಹಾಗೆ ಒಡಕು ದನಿ, ಗಂಡು ದನಿ ಏನೂ ಆಗಿರಲಿಲ್ಲ. ಕೂಗಿದ ಮರುಕ್ಷಣ ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಹೊನ್ನೂರಿ ಯಾರು? ಅಂಥವಳನ್ನು ನಾನು ಕಂಡಿಲ್ಲ. ಯಾರ ಮನೆ ಇದು? ಏನು ಮಾಡುತ್ತಿದ್ದೇನೆ ನಾನು?

ಒಳಗಿಂದ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಕೈಯಲ್ಲಿ ಬೇಳೆಯ ಮೊರ ಹಿಡಿದುಕೊಂಡೇ ಬಂದಳು. "ಯಾರು ಬೇಕ್ರೀ?" ಎಂದಳು. ಅವಳೇ ನನ್ನ ಮುಖ ನೋಡಿ, "ಹೊನ್ನೂರಿ ಅನ್ನಾಕಿ ಈ ಮನ್ಯಾಗ ಯಾರೂ ಇಲ್ರೀ. ನೀವು ಮನಿ ತಪ್ಪೀರಿ" ಎಂದಳು. ಹೌದು ತಾಯಿ, ತಪ್ಪಾಯಿತು ಎಂದು ಮೆಟ್ಟಿಲಿಳಿಯಲು ಹೊರಳಿದೆ.

ಅಷ್ಟರಲ್ಲಿ ಒಳಕೋಣೆಯಿಂದ ಒಂದು ದನಿ ಬಂತು. ಸಣ್ಣ, ಒಣಗಿದ, ಆದರೆ ಸ್ಪಷ್ಟವಾದ ದನಿ.

"ಬಂದೆ ಬೇ ಯಕ್ಕಾ... ನಿಂದ್ರು, ಕೊಡ ತಗೊಂಡ್ ಬರ್ತೀನಿ."

ಆ ಹೆಂಗಸಿನ ಕೈಯಿಂದ ಮೊರ ಜಾರಿ ಬೇಳೆಯೆಲ್ಲ ಚೆಲ್ಲಿತು. ಅವಳ ಬಾಯಿ ತೆರೆದದ್ದು ತೆರೆದೇ ಇತ್ತು. "ನಮ್ಮತ್ತಿ..." ಎಂದಳು. "ಯವ್ವಾ, ನಮ್ಮತ್ತಿ ಮಾತಾಡಿದ್ಲು. ಲಕ್ವಾ ಹೊಡದು ಬಾಯಿ ನಿಂತು ವರ್ಷ ಆಗಿತ್ರೀ!" ನನ್ನನ್ನು ಕೈಹಿಡಿದು ಒಳಗೆ ಎಳೆದುಕೊಂಡೇ ಹೋದಳು.

ಒಳಗೆ ಹೊರಸಿನ ಮೇಲೆ ಒಂದು ಹಿಡಿಯಷ್ಟಿದ್ದ ಮುದುಕಿ ಮಲಗಿದ್ದಳು. ತೊಂಬತ್ತರ ಹತ್ತಿರ ಇರಬೇಕು. ಎದ್ದು ಕೂರಲು ನೋಡುತ್ತಿದ್ದಳು, ಮೈ ಕೇಳುತ್ತಿರಲಿಲ್ಲ. ನನ್ನನ್ನು ಕಂಡದ್ದೇ ಅವಳ ಕಣ್ಣು ನನ್ನ ಮುಖದಿಂದ ಸೆರಗಿಗೆ, ಸೆರಗಿನಿಂದ ಮುಖಕ್ಕೆ ಓಡಾಡಿದವು. ಬಲಗೈ ಚಾಚಿದಳು. ಹಿಡಿದುಕೊಂಡೆ. ಎಲುಬಿನ ಕೈ, ಆದರೆ ಏನು ಬಿಗಿ ಹಿಡಿತ!

"ಇಷ್ಟೊತ್ತು ಎಲ್ಲಿ ಹೋಗಿದ್ದಿ ಬೇ ಯಕ್ಕಾ?" ಎಂದಳು. ಆಮೇಲೆ ನನ್ನ ಸೊಂಟದ ಕಡೆ, ಖಾಲಿ ಕಂಕುಳ ಕಡೆ ನೋಡಿ, ಗಾಬರಿಯಾಗಿ ಕೇಳಿದಳು: "ಕೂಸು ಎಲ್ಲದ?"

ನನ್ನ ಮೈ ಜುಮ್ಮೆಂದದ್ದು ಆಗ. ಕೂಗಿದಾಗಲೂ ಅಲ್ಲ, ಅವಳು ಓಗೊಟ್ಟಾಗಲೂ ಅಲ್ಲ. ಆ ಕೂಸು ರಾಯಚೂರಿನಲ್ಲಿ, ನಮ್ಮ ಮನೆಯ ನಡುಮನೆಯಲ್ಲಿ, ಗೋಡೆ ಕಡೆ ಮುಖ ಮಾಡಿ ಮಲಗಿತ್ತು. ಏನು ಹೇಳಬೇಕೆಂದು ನಾನು ಯೋಚಿಸಲಿಲ್ಲ. "ಕೂಸು ಚಲೋ ಅದ ಬೇ. ಮನ್ಯಾಗ ಮಲಗ್ಯದ" ಎಂದೆ. ಇದನ್ನು ಹೇಳಿದ್ದು ನಾನೇ, ಪೂರಾ ನಾನೇ. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು.

"ಹಾಲು ಕುಡೀತದ?"

"ಕುಡೀತದ."

ಅವಳ ಮುಖ ಸಡಿಲಾಯಿತು. ಹಲ್ಲಿಲ್ಲದ ಬಾಯಿ ನಕ್ಕಂತಾಯಿತು. ಆಗ ನನಗೆ ನಾನು ಬಂದ ಕೆಲಸ ನೆನಪಾಗಿ, ಅವಳ ಕಿವಿಯ ಹತ್ತಿರ ಬಾಗಿ ಬೇಡಿಕೊಂಡೆ. "ನನ್ನ ಹೆಸರು ಹೇಳು ಬೇ. ನನ್ನ ಹೆಸರು ಹಿಡದು ಒಮ್ಮೆ ಕರಿ." ಅವಳು ತುಂಟ ಮಾತು ಕೇಳಿದ ಹುಡುಗಿಯ ಹಾಗೆ ನನ್ನನ್ನು ನೋಡಿದಳು. "ಯಕ್ಕಾ" ಎಂದಳು. ಇನ್ನೊಮ್ಮೆ ಕೇಳಿದೆ. "ಯಕ್ಕಾ" ಎಂದಳು. ಮೂರನೆಯ ಸಲ ಕೇಳುವ ಹೊತ್ತಿಗೆ ಕಣ್ಣು ಮುಚ್ಚಿದ್ದಳು. ಕೈಯ ಹಿಡಿತ ಮೆಲ್ಲಗೆ ಬಿಟ್ಟುಹೋಯಿತು, ಉಸಿರಾಟ ನಿದ್ದೆಯದಾಯಿತು.

ನಮ್ಮಲ್ಲಿ ಅಕ್ಕನನ್ನು ಯಾರಾದರೂ ಹೆಸರು ಹಿಡಿದು ಕರೆಯುತ್ತಾರೆಯೇ? ಕರೆಯುವುದಿಲ್ಲ. ನಾನು ಅದನ್ನು ಅಲ್ಲೇ, ಆ ಹೊರಸಿನ ಪಕ್ಕ ನೆಲದ ಮೇಲೆ ಕೂತು ಅರ್ಥ ಮಾಡಿಕೊಂಡೆ.

ಸಂಜೆ ಹೊಲದಿಂದ ಮುದುಕಿಯ ಮಗ ಬಂದ. ಸೊಸೆ ಅಳುತ್ತ ನಗುತ್ತ ಎಲ್ಲ ಹೇಳಿದಳು. ಅವನು ತಾಯಿಯನ್ನು ಮಾತಾಡಿಸಿದ, ತಾಯಿ ಸುಮ್ಮನೆ ನೋಡಿದಳು. ನನ್ನ ಕಡೆ ತಿರುಗಿ, ಸ್ವಲ್ಪ ಅಂಜಿಕೆಯಿಂದಲೇ ಕೇಳಿದ. "ಹೊನ್ನೂರಿ ಅಂತ ಕರದ್ರೇನ್ರಿ ನೀವು? ನಮ್ಮವ್ವನ ಹೆಸರು ಶರಣಮ್ಮ. ಆಧಾರ್‌ನಾಗೂ ಅದೇ ಅದ. ಆದ್ರ ಅದು ಹುಟ್ಟಿದ ಹೆಸರಲ್ಲ. ಇದಾ ಊರಾಗಿನ ಸ್ವಾದರಮಾವಗೇ ಕೊಟ್ಟು ಮದಿವಿ ಮಾಡಿದ್ರು, ಅತ್ತಿದೂ ಈಕೀದೂ ಒಂದಾ ಹೆಸರು ಬಂತಂತ ಮನಿ ತುಂಬಿಸಿಕೊಳ್ಳುವಾಗ ಬದಲಿ ಮಾಡಿದ್ರಂತ."

"ನಿಮ್ಮ ಅಜ್ಜಿ, ಅಂದ್ರ ಅವರ ಅತ್ತಿ ಹೆಸರು?" ಎಂದೆ.

"ಹೊನ್ನೂರಮ್ಮ ರೀ" ಎಂದ.

ಅವ್ವನಿಗೆ ಒಬ್ಬ ಅಕ್ಕ ಇದ್ದದ್ದು ನಿಜವೇ ಎಂದು ಕೇಳಿದೆ. ಇದ್ದಳಂತೆ, ಸಣ್ಣ ವಯಸ್ಸಿನಲ್ಲೇ ಸತ್ತಳಂತೆ, ಎಲ್ಲಿಗೆ ಕೊಟ್ಟಿದ್ದರೋ ತನಗೆ ತಿಳಿಯದು, ಆ ಸಂಬಂಧ ಎಂದೋ ಹರಿದುಹೋಗಿದೆ ಎಂದ. ಹೆಸರು? "ಅವ್ವ ಯಕ್ಕ ಅಂತಿದ್ಲು ರೀ, ಅಷ್ಟಾ."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಒಂದನ್ನೂ ಮುಚ್ಚಲಿಲ್ಲ, ಒಂದನ್ನೂ ಸೇರಿಸಲಿಲ್ಲ. ನಮ್ಮ ಮನೆಯವರು ನಡುವೆ ಬಾಯಿ ಹಾಕಿ, "ಬಿಸಲು ಹತ್ತಿರಬೇಕು ನಿನಗ" ಎಂದರು. ಗ್ಲೂಕೋಸ್ ಕಲಸಿ ಕೊಡಲೇ ಎಂದು ಕೇಳಲಿಲ್ಲ, ಅದು ಅವರ ದೊಡ್ಡತನ. ಅಪ್ಪ ಅವರ ಮಾತಿಗೆ ಕಿವಿಗೊಡಲಿಲ್ಲ. "ಹಾಲು ಕುಡೀತದೇನು ಅಂತ ಕೇಳಿದ್ಲಾ?" ಎಂದು ಮತ್ತೆ ಮತ್ತೆ ಕೇಳಿದ. ಹೌದೆಂದು ನಾನು ಮತ್ತೆ ಮತ್ತೆ ಹೇಳಿದೆ.

ಎರಡು ದಿನ ಬಿಟ್ಟು ಬಾಡಿಗೆ ಕಾರು ಮಾಡಿ ಅಪ್ಪನನ್ನು ಕುರ್ಡಿಗೆ ಕರೆದುಕೊಂಡು ಹೋದೆವು. ಏನೋ ಆಗುತ್ತದೆ ಎಂದು ನಾನೂ ಕಾದೆ, ಆ ಮನೆಯವರೂ ಕಾದರು. ಏನೂ ಆಗಲಿಲ್ಲ. ಮುದುಕಿ ಅಪ್ಪನನ್ನು ಯಾರೋ ಊರಿನ ಹಿರಿಯ ಬಂದಿದ್ದಾನೆ ಎಂಬಂತೆ ನೋಡಿ ಕಣ್ಣು ತಿರುಗಿಸಿದಳು. ಅವಳು ಕೇಳಿದ್ದು ಕೂಸನ್ನು, ಎದುರಿಗೆ ಕೂತಿದ್ದವನು ಹಲ್ಲು ಬಿದ್ದ ಮುದುಕ. ನನ್ನನ್ನೂ ಅವಳು ಗುರುತಿಸಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತು ಮತ್ತೊಮ್ಮೆ ಕರೆದು ನೋಡಿದೆ, ಕೇಳಿದವರಿಗೆ ಟೀಚರು ಹಾಜರಿ ಕರೆದಂತೆ ಕೇಳಿಸಿರಬೇಕು. ಒಳಗಿಂದ ಉತ್ತರ ಬರಲಿಲ್ಲ. ಅಪ್ಪ ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ಅವಳ ಕೈಯನ್ನು ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. "ಸಣ್ಣವ್ವಾ, ನೀ ನನ್ನ ಎತ್ಯಾಡಿಸಿರಬೇಕಲ್ಲ ಬೇ" ಎಂದ. ಮುಂದೆ ಹೆಚ್ಚು ದಿನ ಆ ತಾಯಿ ಬದುಕಲಿಲ್ಲ. ಮತ್ತೆ ಮಾತಾಡಲೂ ಇಲ್ಲ.

ಅಮಾವಾಸ್ಯೆ ಬಂತು. ಅಪ್ಪ ಹಠದಿಂದ ತಾನೇ ನೆಲದ ಮೇಲೆ ಕೂತ, ನಾನು ಬೆನ್ನಿಗೆ ಆನಿಕೆಯಾಗಿ ಕೂತೆ. ದೊಡ್ಡಪ್ಪನನ್ನು ಕರೆದ, ಅಪ್ಪನನ್ನು ಕರೆದ. ಆಮೇಲೆ ಮೂರನೆಯ ಎಡೆ. ನಾನು ಹೆಸರು ತರಲಾರದೆ ಹೋಗಿದ್ದೆನಲ್ಲ! ಅಪ್ಪ ಲೋಬಾನದ ಹೊಗೆಯ ಆಚೆ ತೆರೆದ ಬಾಗಿಲ ಕಡೆ ನೋಡಿ, ಈ ಸಲ ದನಿ ಇಳಿಸದೆ, ಗಟ್ಟಿಯಾಗಿ ಕರೆದ:

"ಹೊನ್ನೂರಿಯ ಅಕ್ಕಾ! ಕುರ್ಡ್ಯಾಕೀ! ಒಳಗ ಬಾ ಬೇ ಯವ್ವಾ, ನಿನ್ನ ಕೂಸು ಕರಿಯಾಕತ್ತದ."

ಬಾಗಿಲಲ್ಲಿ ಯಾರೂ ಕಾಣಲಿಲ್ಲ. ಗಾಳಿ ಬೀಸಲಿಲ್ಲ, ದೀಪ ಅಲುಗಲಿಲ್ಲ. ಏನೋ ಆಯಿತು ಎಂದು ಬರೆದರೆ ನಿಮಗೆ ಚೆನ್ನಾಗಿರುತ್ತಿತ್ತು, ಆದರೆ ಆಗಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಕಾದು, ಯಾರೋ ಬಂದು ಕೂತರು ಎಂಬಂತೆ ತಲೆ ಆಡಿಸಿ, "ಆತು, ಬಾಗಲ ಮುಂದ ಮಾಡವಾ" ಎಂದ. ಪ್ರತಿ ವರ್ಷ ಎಡೆಯ ಊಟವನ್ನು ಕೆದಕಿ ಬಿಡುತ್ತಿದ್ದವನು ಅಂದು ಹೊಟ್ಟೆ ತುಂಬ ಉಂಡ.

ಆ ದಿನದಿಂದ ಇವತ್ತಿನವರೆಗೆ ನಾನು ಇದಕ್ಕೆ ಕಾರಣ ಹುಡುಕುತ್ತಲೇ ಇದ್ದೇನೆ. ಬೆಳಗಿನಿಂದ ಊರೆಲ್ಲ ಸುತ್ತಿದ್ದೆ, ಯಾರೋ ಹೊನ್ನೂರಮ್ಮ ಎಂದದ್ದು ಕಿವಿಗೆ ಬಿದ್ದು ತಲೆಯಲ್ಲಿ ಉಳಿದಿರಬಹುದು. ಆ ಕಡೆ ಅಪರೂಪದ ಹೆಸರೂ ಅಲ್ಲ ಅದು. ಹಸಿರು ಸೀರೆ ಕಂಡು ಮುದುಕಿಗೆ ಯಾವುದೋ ಹಳೆಯದು ನೆನಪಾಗಿರಬಹುದು, ಆದರೆ ಓಗೊಡುವಾಗ ಅವಳು ನನ್ನನ್ನು ನೋಡಿಯೇ ಇರಲಿಲ್ಲ. ಅವಳ ಅಕ್ಕ ನನ್ನ ಅಜ್ಜಿಯೇ ಎಂಬುದಕ್ಕೂ ಒಂದು ಚೂರು ದಾಖಲೆ ಇಲ್ಲ. ಸಣ್ಣ ವಯಸ್ಸಿನಲ್ಲಿ ಸತ್ತ ಅಕ್ಕಂದಿರು ಆ ಕಾಲದಲ್ಲಿ ಪ್ರತಿ ಮನೆಯಲ್ಲೂ ಇದ್ದರು. ವಿಜ್ಞಾನದ ಟೀಚರಾಗಿ ನಾನು ಇದನ್ನೆಲ್ಲ ಒಪ್ಪುತ್ತೇನೆ. ಸೊಂಟ ಬಾಗಿಸಿ ನಿಂತ ಆ ನಿಲುವನ್ನು ಮಾತ್ರ ಎಲ್ಲಿಡಬೇಕೋ ತಿಳಿಯುವುದಿಲ್ಲ.

ನನ್ನ ಬಾಯಿಂದ ಕರೆದವಳು ಅವಳೇ ಆಗಿದ್ದರೆ, ತಂಗಿಯ ಹೆಸರು ಕರೆದವಳು ತನ್ನ ಹೆಸರನ್ನೂ ಒಂದು ಮಾತು ಹೇಳಿ ಹೋಗಬಹುದಿತ್ತಲ್ಲ ಎಂದು ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅನ್ನಿಸಿತು, ನಮ್ಮ ಹೆಸರನ್ನು ನಾವೇ ಯಾವಾಗ ಕರೆದುಕೊಳ್ಳುತ್ತೇವೆ? ಅದು ಇರುವುದು ಬೇರೆಯವರ ಬಾಯಲ್ಲಿ. ಅವಳದ್ದನ್ನು ಅವಳ ಭಾವ ಮರ್ಯಾದೆಗೆಂದು ಆಡಲಿಲ್ಲ, ತಂಗಿ ಪ್ರೀತಿಗೆಂದು ಆಡಲಿಲ್ಲ, ಊರವರು ರೂಢಿಗೆಂದು ಆಡಲಿಲ್ಲ, ಕೂಸಿಗೆ ಇನ್ನೂ ಮಾತು ಬಂದಿರಲಿಲ್ಲ.

ಅಪ್ಪ ಹೇಳಿದ್ದಂತೆಯೇ ಆಯಿತು. ಮುಂದಿನ ಅಮಾವಾಸ್ಯೆಗೆ ಎಡೆ ಇಟ್ಟವಳು ನಾನು. ಈಗಲೂ ನಾನೇ ಇಡುತ್ತೇನೆ. ಸತ್ತವರು ಬರುತ್ತಾರೆ ಎಂದು ಈಗಲೂ ನಂಬುವುದಿಲ್ಲ, ಆದರೂ ಬಾಗಿಲು ತೆರೆದಿಟ್ಟು ಹಸಿರು ಸೀರೆ ಮಡಿಚಿಟ್ಟು ಕೂರುತ್ತೇನೆ. ದೊಡ್ಡಪ್ಪನನ್ನು, ಅಜ್ಜನನ್ನು, ಅವ್ವನನ್ನು, ಅಪ್ಪನನ್ನು ಹೆಸರು ಹಿಡಿದು ಕರೆಯುತ್ತೇನೆ. ಕೊನೆಗೆ, "ಹೊನ್ನೂರಿಯ ಅಕ್ಕಾ, ಬಾ ಬೇ. ನಿನ್ನ ಕೂಸೂ ಬಂದದ, ಇಬ್ರೂ ಕೂಡಿ ಉಣ್ರಿ" ಎನ್ನುತ್ತೇನೆ. ಎಂದ ಮೇಲೆ ಒಂದು ಗಳಿಗೆ ಸುಮ್ಮನೆ ಕೂರುತ್ತೇನೆ, ನಾಲಿಗೆಗೆ ಮತ್ತೊಂದು ಹೆಸರು ತಾನಾಗಿ ಬಂದೀತೇನೋ ಎಂದು. ಇಲ್ಲಿಯವರೆಗೆ ಬಂದಿಲ್ಲ.